ಅರವತ್ತೊಂದು ಸೆಕೆಂಡುಗಳ ನಿಮಿಷ

ಒಂದು ನಿಮಿಷಕ್ಕೆ ಎಷ್ಟು ಸೆಕೆಂಡು? ಪ್ರಾಥಮಿಕ ಶಾಲೆಯ ಮಗುವೂ ತಡವರಿಸದೆ 'ಅರವತ್ತು' ಎನ್ನುತ್ತದೆ. ಆದರೆ 2017ರ ಜನವರಿ 1ರ ಮುಂಜಾನೆ ಭಾರತೀಯ ಕಾಲಮಾನದಲ್ಲಿ 5 ಗಂಟೆ 29 ನಿಮಿಷ 59 ಸೆಕೆಂಡು ಆದ ಕೂಡಲೇ ಐದೂವರೆ ಆಗಲಿಲ್ಲ. ನಡುವೆ 5 ಗಂಟೆ 29 ನಿಮಿಷ 60 ಸೆಕೆಂಡು ಎಂಬ ವಿಚಿತ್ರ ಕ್ಷಣವೊಂದು ಬಂದು ಹೋಯಿತು. ಅನಂತರವಷ್ಟೇ ಐದೂವರೆ. ದೇಶದ ಕಾಲವನ್ನು ಕಾಯುವ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಗಡಿಯಾರಗಳಲ್ಲಿ ಆ ನಿಮಿಷಕ್ಕೆ 61 ಸೆಕೆಂಡುಗಳಿದ್ದವು. ನಾವು ನೀವೆಲ್ಲ ಹೊಸ ವರ್ಷದ ಆ ಚಳಿಯಲ್ಲಿ ಒಂದು ಸೆಕೆಂಡು ಹೆಚ್ಚು ನಿದ್ದೆ ಮಾಡಿದೆವು, ಅಷ್ಟೆ!

ಹೀಗೆ ಸೇರಿಸಿದ ಸೆಕೆಂಡಿಗೆ 'ಅಧಿಕ ಸೆಕೆಂಡು' ಅಥವಾ 'ಲೀಪ್ ಸೆಕೆಂಡು' ಎಂದು ಹೆಸರು. 1972ರಿಂದ 2016ರ ಕೊನೆಯವರೆಗೆ ಇಂಥ 27 ಸೆಕೆಂಡುಗಳನ್ನು ಸೇರಿಸಲಾಗಿದೆ. ಈಗ ಈ ಪದ್ಧತಿಗೇ ವಿದಾಯ ಹೇಳುವ ತೀರ್ಮಾನವಾಗಿದೆ. ಒಂದು ಸೆಕೆಂಡಿಗಾಗಿ ಇಷ್ಟೆಲ್ಲ ಗಲಾಟೆ ಏಕೆ? ಅದನ್ನು ಬಿಟ್ಟರೆ ನಾವು ಕಳೆದುಕೊಳ್ಳುವುದೇನು?

ಅಧಿಕ ಮಾಸದ ಕಿರಿಯ ತಮ್ಮ

ನಮ್ಮ ಪಂಚಾಂಗದಲ್ಲಿ ಇಂಥದೇ ಒಂದು ಉಪಾಯವಿದೆ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ. ಸೌರವರ್ಷಕ್ಕೆ 365 ದಿನಕ್ಕಿಂತ ತುಸು ಹೆಚ್ಚು. ಈ ಹನ್ನೊಂದು ದಿನಗಳ ಅಂತರವನ್ನು ಹಾಗೆಯೇ ಬಿಟ್ಟರೆ ಯುಗಾದಿ ವರ್ಷ ವರ್ಷವೂ ಹಿಂದೆ ಸರಿಯುತ್ತಾ ಮಾಗಿಯ ಚಳಿಗೂ ಬಂದೀತು, ಮಳೆಗಾಲಕ್ಕೂ ಬಂದೀತು. ಆದ್ದರಿಂದ ಸರಾಸರಿ 32-33 ತಿಂಗಳಿಗೊಮ್ಮೆ ಒಂದು ಅಧಿಕ ಮಾಸವನ್ನು ಸೇರಿಸುತ್ತಾರೆ. 2023ರಲ್ಲಿ ಅಧಿಕ ಶ್ರಾವಣ ಬಂದದ್ದು ನಿಮಗೆ ನೆನಪಿರಬಹುದು. ಹಿಜರಿ ಪಂಚಾಂಗದಲ್ಲಿ ಇಂಥ ಸೇರ್ಪಡೆ ಇಲ್ಲ. ಹೀಗಾಗಿ ರಂಜಾನ್ ತಿಂಗಳು ಎಲ್ಲ ಋತುಗಳಲ್ಲೂ ಸುತ್ತಿ ಬರುತ್ತದೆ. ಎರಡೂ ಲೆಕ್ಕಗಳು ಸರಿಯೇ. ಒಂದು ಚಂದ್ರನನ್ನೂ ಸೂರ್ಯನನ್ನೂ ಜೊತೆಗೆ ಇಟ್ಟುಕೊಳ್ಳುತ್ತದೆ, ಇನ್ನೊಂದು ಚಂದ್ರನನ್ನು ಮಾತ್ರ ನಂಬುತ್ತದೆ.

ಅಧಿಕ ಸೆಕೆಂಡಿನ ಕಥೆಯೂ ಇದೇ. ಇಲ್ಲಿಯೂ ಒಂದಕ್ಕೊಂದು ಹೊಂದದ ಎರಡು ಕಾಲಮಾಪಕಗಳಿವೆ. ಒಂದು ಭೂಮಿ, ಇನ್ನೊಂದು ಪರಮಾಣು.

ಎರಡು ಗಡಿಯಾರಗಳು

ಮೊದಲಿಗೆ ಸೆಕೆಂಡು ಭೂಮಿಯ ಮಗುವೇ ಆಗಿತ್ತು. ಸರಾಸರಿ ಸೌರದಿನವನ್ನು 86,400 ಭಾಗ ಮಾಡಿದರೆ ಒಂದು ಭಾಗವೇ ಸೆಕೆಂಡು. ಈ ವ್ಯಾಖ್ಯೆಯಲ್ಲಿ ಭೂಮಿ ಎಂದೂ ತಪ್ಪುವಂತಿಲ್ಲ, ಏಕೆಂದರೆ ಅದೇ ಪ್ರಮಾಣ. ಆದರೆ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಚಂದ್ರ ಮತ್ತು ಗ್ರಹಗಳ ಚಲನೆಯನ್ನು ಸೂಕ್ಷ್ಮವಾಗಿ ನೋಡಿದ ಖಗೋಳಜ್ಞರಿಗೆ ಅನುಮಾನ ಬಂತು. ಇವೆಲ್ಲವೂ ಒಟ್ಟಾಗಿ ಲೆಕ್ಕ ತಪ್ಪುತ್ತಿರುವಂತೆ ಕಾಣುತ್ತಿತ್ತು. ಎಲ್ಲ ಆಟಗಾರರೂ ಒಮ್ಮೆಗೇ ತಪ್ಪು ಹೆಜ್ಜೆ ಹಾಕಿದರೆ ದೋಷ ತಾಳದವನದ್ದಿರಬೇಕಲ್ಲವೇ? ಭೂಮಿಯ ಆವರ್ತನೆಯೇ ಏಕರೂಪವಾಗಿಲ್ಲ ಎಂಬುದು ಖಚಿತವಾಯಿತು.

1960ರಲ್ಲಿ ಸೆಕೆಂಡನ್ನು ಭೂಮಿಯ ದೈನಿಕ ಚಲನೆಯಿಂದ ಬಿಡಿಸಿ ವಾರ್ಷಿಕ ಚಲನೆಗೆ ಕಟ್ಟಿದರು. ಅಷ್ಟರಲ್ಲಿ ಇನ್ನೂ ಉತ್ತಮವಾದ ಗಡಿಯಾರ ಬಂದಾಗಿತ್ತು. 1955ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಲೂಯಿ ಎಸ್ಸೆನ್ ಮತ್ತು ಜ್ಯಾಕ್ ಪ್ಯಾರಿ ಸೀಸಿಯಂ ಪರಮಾಣು ಗಡಿಯಾರವನ್ನು ನಡೆಸಿ ತೋರಿಸಿದ್ದರು. 1967ರಲ್ಲಿ ಹೊಸ ವ್ಯಾಖ್ಯೆ ಜಾರಿಗೆ ಬಂತು. ಸೀಸಿಯಂ-133 ಪರಮಾಣುವಿನ ಎರಡು ನಿರ್ದಿಷ್ಟ ಶಕ್ತಿಮಟ್ಟಗಳ ನಡುವಿನ ಬದಲಾವಣೆಗೆ ಹೊಂದುವ ವಿಕಿರಣದ 9,19,26,31,770 ಆವರ್ತಗಳಿಗೆ ಹಿಡಿಯುವ ಕಾಲವೇ ಒಂದು ಸೆಕೆಂಡು.

ಈ ದೊಡ್ಡ ಸಂಖ್ಯೆ ಎಲ್ಲಿಂದ ಬಂತು? ಆಗ ಬಳಕೆಯಲ್ಲಿದ್ದ ಖಗೋಳೀಯ ಸೆಕೆಂಡಿಗೆ ಸರಿಹೊಂದುವಂತೆ ಎಣಿಸಿ ಪಡೆದದ್ದು. ಆ ಖಗೋಳೀಯ ಸೆಕೆಂಡಿಗೆ ಆಧಾರ ಸೈಮನ್ ನ್ಯೂಕೂಂಬ್ ಸಿದ್ಧಪಡಿಸಿದ ಸೂರ್ಯನ ಕೋಷ್ಟಕಗಳು. ಅವುಗಳ ಹಿಂದೆ ಇದ್ದದ್ದು 18 ಮತ್ತು 19ನೆಯ ಶತಮಾನಗಳ ವೀಕ್ಷಣೆಗಳು. ಹೀಗಾಗಿ ಇಂದಿನ ಪರಮಾಣು ಸೆಕೆಂಡು ಸುಮಾರು 1820ರ ಇಸವಿಯ ದಿನದ ಅಳತೆಗೆ ಹೊಲಿದ ಅಂಗಿ. ಭೂಮಿಯ ದಿನ ಅಲ್ಲಿಂದೀಚೆಗೆ ತುಸು ಬೆಳೆದಿದೆ, ಅಂಗಿ ಮಾತ್ರ ಹಾಗೆಯೇ ಇದೆ.

ಪರಮಾಣು ಕಾಲವನ್ನೂ ಭೂಮಿಯ ಕಾಲವನ್ನೂ ಜೋಡಿಸುವ ಈಗಿನ ಪದ್ಧತಿ ಆರಂಭವಾದದ್ದು 1972ರಲ್ಲಿ. ಸೆಕೆಂಡಿನ ಉದ್ದ ಪರಮಾಣುವಿನದು. ಆದರೆ ಅಧಿಕೃತ ಕಾಲವು ಭೂಮಿಯ ಕಾಲದಿಂದ 0.9 ಸೆಕೆಂಡಿಗಿಂತ ಹೆಚ್ಚು ದೂರ ಹೋಗಬಾರದು. ಹೋಗುವ ಸೂಚನೆ ಕಂಡರೆ ಜೂನ್ ಅಥವಾ ಡಿಸೆಂಬರ್ ಕೊನೆಯಲ್ಲಿ ಒಂದು ಸೆಕೆಂಡನ್ನು ಸೇರಿಸಬೇಕು. ಹೀಗೆ ಸಿಗುವುದೇ ಸಂಯೋಜಿತ ವಿಶ್ವಕಾಲ, ಅಂದರೆ ಯು.ಟಿ.ಸಿ. ಇದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಭಾರತೀಯ ಕಾಲಮಾನ. ಗ್ರೀನಿಚ್‌ನಲ್ಲಿ ನಡುರಾತ್ರಿ ಸೇರಿದ ಸೆಕೆಂಡು ನಮ್ಮಲ್ಲಿ ಮುಂಜಾನೆ ಐದೂವರೆಗೆ ಸೇರುವುದು ಇದರಿಂದಲೇ.

ಒಂದು ತಪ್ಪು ತಿಳಿವಳಿಕೆ

'ಭೂಮಿ ವರ್ಷಕ್ಕೊಂದು ಸೆಕೆಂಡು ನಿಧಾನವಾಗುತ್ತಿದೆ, ಅದಕ್ಕೇ ಅಧಿಕ ಸೆಕೆಂಡು' ಎಂಬ ಮಾತನ್ನು ನೀವು ಓದಿರಬಹುದು. ತರಗತಿಯಲ್ಲಿ ಹೇಳಿಯೂ ಇರಬಹುದು. ಇದು ಸರಿಯಲ್ಲ.

ನಿಮ್ಮ ಮನೆಯ ಗೋಡೆ ಗಡಿಯಾರ ದಿನಕ್ಕೆ 2 ಸೆಕೆಂಡು ಮುಂದೆ ಓಡುತ್ತದೆ ಎನ್ನಿ. ತಿಂಗಳಲ್ಲಿ ಅದು ಒಂದು ನಿಮಿಷ ಮುಂದೆ ಇರುತ್ತದೆ. ನೀವು ಪ್ರತಿ ತಿಂಗಳೂ ಅದನ್ನು ಒಂದು ನಿಮಿಷ ಹಿಂದಕ್ಕೆ ಇಡುತ್ತೀರಿ. ಹಾಗೆಂದರೆ ಗಡಿಯಾರದ ವೇಗ ತಿಂಗಳಿಂದ ತಿಂಗಳಿಗೆ ಏರುತ್ತಿದೆ ಎಂದೇ? ಇಲ್ಲ. ಅದರ ವೇಗ ಹಾಗೆಯೇ ಇದೆ; ವ್ಯತ್ಯಾಸ ಮಾತ್ರ ಕೂಡುತ್ತಾ ಹೋಗುತ್ತಿದೆ.

ಭೂಮಿಯ ವಿಷಯದಲ್ಲೂ ಹಾಗೆಯೇ. ದಿನದ ಉದ್ದ 86,400 ಸೆಕೆಂಡುಗಳ ಬದಲು 86,400.002 ಸೆಕೆಂಡು ಇದ್ದರೆ ಹೆಚ್ಚುವರಿ ಬರೀ 2 ಮಿಲಿಸೆಕೆಂಡು. ಹನಿ ಹನಿ ಕೂಡಿದರೆ ಹಳ್ಳ ಎನ್ನುವಂತೆ 500 ದಿನಗಳಲ್ಲಿ ಅದು ಪೂರ್ತಿ ಒಂದು ಸೆಕೆಂಡು ಆಗುತ್ತದೆ. ಅಧಿಕ ಸೆಕೆಂಡು ಸೇರಿಸಿದರೆ ಭೂಮಿಯೇನೂ ಬದಲಾಗುವುದಿಲ್ಲ. ಕೂಡಿಬಿದ್ದ ಬಾಕಿಯನ್ನು ನಾವು ಜಮಾ ಮಾಡಿ ಲೆಕ್ಕ ಚುಕ್ತಾ ಮಾಡುತ್ತೇವೆ.

ಭೂಮಿ ನಿಧಾನವಾಗುತ್ತಿರುವುದೂ ನಿಜವೇ. ಆದರೆ ಆ ದರ ತೀರಾ ಅಲ್ಪ. ನೂರು ವರ್ಷಕ್ಕೆ ದಿನದ ಉದ್ದದಲ್ಲಿ ಸರಾಸರಿ 1.8 ಮಿಲಿಸೆಕೆಂಡಿನಷ್ಟು ಏರಿಕೆ.

ಚಂದ್ರನ ಕಡಿವಾಣ

ಈ ನಿಧಾನಕ್ಕೆ ಮುಖ್ಯ ಕಾರಣ ಚಂದ್ರ. ಚಂದ್ರನ ಸೆಳೆತದಿಂದ ಭೂಮಿಯ ಸಾಗರ ಉಬ್ಬುತ್ತದೆ. ಭೂಮಿ ತನ್ನ ಅಕ್ಷದ ಮೇಲೆ ಒಂದು ದಿನದಲ್ಲಿ ಸುತ್ತಿದರೆ ಚಂದ್ರ ಭೂಮಿಯನ್ನು ಸುತ್ತಲು ತಿಂಗಳು ಬೇಕು. ಹೀಗಾಗಿ ಭೂಮಿ ಆ ಉಬ್ಬನ್ನು ಚಂದ್ರನಿಗಿಂತ ತುಸು ಮುಂದಕ್ಕೆ ಎಳೆದೊಯ್ಯುತ್ತದೆ. ಚಂದ್ರ ಅದನ್ನು ಹಿಂದಕ್ಕೆ ಜಗ್ಗುತ್ತಾನೆ. ಈ ಎಳೆದಾಟದಲ್ಲಿ ಭೂಮಿಯ ಕೋನೀಯ ಸಂವೇಗ ಸ್ವಲ್ಪ ಸ್ವಲ್ಪವಾಗಿ ಚಂದ್ರನಿಗೆ ಸಾಗುತ್ತದೆ. ಭೂಮಿ ನಿಧಾನವಾಗುತ್ತದೆ, ಚಂದ್ರ ದೂರ ಸರಿಯುತ್ತಾನೆ. ಅಪೊಲೊ ಯಾತ್ರಿಗಳು ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕಗಳಿಗೆ ಲೇಸರ್ ಹಾಯಿಸಿ ಅಳೆದಾಗ ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರವಾಗುತ್ತಿರುವುದು ಕಂಡಿದೆ.

ಉಬ್ಬರವಿಳಿತ ಒಂದೇ ಇದ್ದಿದ್ದರೆ ದಿನದ ಉದ್ದ ಶತಮಾನಕ್ಕೆ 2.3 ಮಿಲಿಸೆಕೆಂಡು ಬೆಳೆಯಬೇಕಿತ್ತು. ಆದರೆ ಹಿಮಯುಗದಲ್ಲಿ ಮಂಜಿನ ಭಾರಕ್ಕೆ ಕುಸಿದಿದ್ದ ಧ್ರುವಪ್ರದೇಶದ ನೆಲ ಇಂದಿಗೂ ಮೆಲ್ಲಗೆ ಮೇಲೇಳುತ್ತಿದೆ. ಇದರಿಂದ ದ್ರವ್ಯ ಅಕ್ಷದ ಹತ್ತಿರಕ್ಕೆ ಸರಿದು ಭೂಮಿಗೆ ತುಸು ವೇಗ ಬರುತ್ತದೆ. ತಿರುಗುವ ಕುರ್ಚಿಯಲ್ಲಿ ಎರಡೂ ಕೈಗಳಲ್ಲಿ ದಪ್ಪ ಪುಸ್ತಕ ಹಿಡಿದು, ಕೈ ಚಾಚಿ ಕುಳಿತು ಸುತ್ತಿ. ಕೈಗಳನ್ನು ಎದೆಗೆ ತಂದುಕೊಂಡರೆ ಕುರ್ಚಿಯ ವೇಗ ಏರುತ್ತದೆ. ಭೂಮಿಯ ಲೆಕ್ಕವೂ ಅದೇ.

ಅಲ್ಪ ದರ ಎಂದು ಕಡೆಗಣಿಸಬೇಡಿ. ಕ್ರಿ.ಪೂ. 136ರ ಏಪ್ರಿಲ್ 15ರಂದು ಬ್ಯಾಬಿಲೋನ್ ನಗರದಲ್ಲಿ ಖಗ್ರಾಸ ಸೂರ್ಯಗ್ರಹಣವಾದದ್ದನ್ನು ಅಲ್ಲಿಯವರು ಜೇಡಿಮಣ್ಣಿನ ಹಲಗೆಯಲ್ಲಿ ಬರೆದಿಟ್ಟಿದ್ದಾರೆ. ಭೂಮಿ ಎಂದಿನಿಂದಲೂ ಇಂದಿನ ವೇಗದಲ್ಲೇ ಸುತ್ತುತ್ತಿತ್ತು ಎಂದು ಹಿಂದಕ್ಕೆ ಲೆಕ್ಕ ಹಾಕಿದರೆ ಆ ಗ್ರಹಣದ ಪಥ ಬ್ಯಾಬಿಲೋನಿಗಿಂತ ಸುಮಾರು 49 ಡಿಗ್ರಿ ಪಶ್ಚಿಮಕ್ಕೆ ಬೀಳುತ್ತದೆ! ಒಂದು ಗಂಟೆಗೆ 15 ಡಿಗ್ರಿಯಂತೆ ಇದು ಸುಮಾರು ಮೂರೂಕಾಲು ಗಂಟೆ.

ನೀವೇ ತಾಳೆ ನೋಡಿ. ಅಲ್ಲಿಂದ 1820ರವರೆಗೆ 19.55 ಶತಮಾನ, ಅಂದರೆ ಸುಮಾರು 7,14,000 ದಿನ. ಶತಮಾನಕ್ಕೆ 1.8 ಮಿಲಿಸೆಕೆಂಡಿನಂತೆ ಆ ಕಾಲದ ದಿನ 1820ರ ದಿನಕ್ಕಿಂತ ಸುಮಾರು 35.2 ಮಿಲಿಸೆಕೆಂಡು ಗಿಡ್ಡ. ಇಡೀ ಅವಧಿಗೆ ಸರಾಸರಿ ತೆಗೆದರೆ ಅದರ ಅರ್ಧ, 17.6 ಮಿಲಿಸೆಕೆಂಡು. ಇದನ್ನು ದಿನಗಳಿಂದ ಗುಣಿಸಿ. ಸುಮಾರು 12,570 ಸೆಕೆಂಡು, ಅಂದರೆ ಮೂರೂವರೆ ಗಂಟೆ ಬಂತು. ಇಷ್ಟು ಸ್ಥೂಲವಾದ ಲೆಕ್ಕವೂ ಮಣ್ಣಿನ ಹಲಗೆಯ ಸಾಕ್ಷ್ಯಕ್ಕೆ ಹತ್ತಿರ ಬರುತ್ತದೆ. ಮಿಲಿಸೆಕೆಂಡುಗಳು ಗಂಟೆಗಳಾಗುವ ಬಗೆ ಇದು.

ಭೂಮಿಯ ನಾಡಿ ಹಿಡಿಯುವವರು

ಚಂದ್ರನ ಕಡಿವಾಣ ನಿರಂತರ. ಅದರ ಮೇಲೆ ಇನ್ನೂ ಹಲವು ಏರಿಳಿತಗಳಿವೆ. ಋತುಮಾನದ ಗಾಳಿಗಳು, ಸಾಗರ ಪ್ರವಾಹಗಳು, ಭೂಗರ್ಭದ ದ್ರವಲೋಹದ ಚಲನೆ ಇವೆಲ್ಲ ದಿನದ ಉದ್ದವನ್ನು ಮಿಲಿಸೆಕೆಂಡಿನ ಮಟ್ಟದಲ್ಲಿ ಹಿಂದೆ ಮುಂದೆ ಮಾಡುತ್ತವೆ. ಗರ್ಭದ ಚಲನೆಯನ್ನು ಮುಂಗಂಡು ಹೇಳುವುದು ಕಷ್ಟ. ಆದ್ದರಿಂದ ಲೀಪ್ ವರ್ಷಕ್ಕೆ ಇರುವಂತೆ ಅಧಿಕ ಸೆಕೆಂಡಿಗೆ ಸೂತ್ರವಿಲ್ಲ. ಅಳೆದೇ ತಿಳಿಯಬೇಕು.

ಅಳೆಯುವುದು ಹೇಗೆ? ಕೋಟ್ಯಂತರ ಜ್ಯೋತಿರ್ವರ್ಷ ದೂರದ ಕ್ವೇಸಾರ್‌ಗಳನ್ನು ನೆಲದ ಗುರುತಿನ ಕಲ್ಲುಗಳಂತೆ ಬಳಸುತ್ತಾರೆ. ಬೇರೆ ಬೇರೆ ಖಂಡಗಳಲ್ಲಿರುವ ರೇಡಿಯೊ ದೂರದರ್ಶಕಗಳು ಒಂದೇ ಕ್ವೇಸಾರ್‌ನ ಅಲೆಗಳನ್ನು ಏಕಕಾಲಕ್ಕೆ ಹಿಡಿಯುತ್ತವೆ. ಅಲೆ ಒಂದು ದೂರದರ್ಶಕಕ್ಕಿಂತ ಇನ್ನೊಂದಕ್ಕೆ ಎಷ್ಟು ತಡವಾಗಿ ತಲುಪಿತು ಎಂಬುದರಿಂದ ಆ ಕ್ಷಣದಲ್ಲಿ ಭೂಮಿ ಎಷ್ಟು ತಿರುಗಿದೆ ಎಂಬುದನ್ನು ಮೈಕ್ರೊಸೆಕೆಂಡುಗಳ ಮಟ್ಟಕ್ಕೆ ಹೇಳಬಹುದು. ಈ ಮಾಹಿತಿಯನ್ನು ಕಲೆಹಾಕಿ ಅಧಿಕ ಸೆಕೆಂಡು ಬೇಕೇ ಬೇಡವೇ ಎಂದು ಸುಮಾರು ಆರು ತಿಂಗಳು ಮೊದಲೇ ಸಾರುವುದು 'ಅಂತರರಾಷ್ಟ್ರೀಯ ಭೂ ಆವರ್ತನೆ ಮತ್ತು ನಿರ್ದೇಶ ವ್ಯವಸ್ಥೆಗಳ ಸೇವೆ' ಎಂಬ ಸಂಸ್ಥೆ. ಈ ಪ್ರಕಟಣೆ ಹೊರಡುವುದು ಪ್ಯಾರಿಸ್ ವೀಕ್ಷಣಾಲಯದಿಂದ.

ಕಂಪ್ಯೂಟರಿಗೆ ತಲೆನೋವು

1972ರಲ್ಲಿ ಒಂದು ಸೆಕೆಂಡು ಸೇರಿಸುವುದು ಕೆಲವೇ ಪ್ರಯೋಗಾಲಯಗಳ ಕೆಲಸವಾಗಿತ್ತು. ಇಂದು ಬ್ಯಾಂಕು, ಷೇರುಪೇಟೆ, ಮೊಬೈಲ್ ಜಾಲ, ವಿದ್ಯುತ್ ಜಾಲ ಎಲ್ಲವೂ ಕಂಪ್ಯೂಟರ್ ಗಡಿಯಾರಗಳ ಮೇಲೆ ನಿಂತಿವೆ. ಬಹುಪಾಲು ಕಂಪ್ಯೂಟರುಗಳ ಲೆಕ್ಕದಲ್ಲಿ ದಿನಕ್ಕೆ 86,400 ಸೆಕೆಂಡು ಮಾತ್ರ. '60ನೆಯ ಸೆಕೆಂಡು' ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ಹೀಗಾಗಿ ಹಲವು ಕಂಪ್ಯೂಟರುಗಳು ಒಂದೇ ಸೆಕೆಂಡನ್ನು ಎರಡು ಬಾರಿ ಎಣಿಸುತ್ತವೆ.

2012ರ ಜೂನ್ 30ರ ಅಧಿಕ ಸೆಕೆಂಡಿನ ವೇಳೆ ಲಿನಕ್ಸ್ ತಂತ್ರಾಂಶದ ಒಂದು ದೋಷದಿಂದ ಹಲವೆಡೆ ಕಂಪ್ಯೂಟರುಗಳು ಸ್ತಬ್ಧವಾದವು. ಆಸ್ಟ್ರೇಲಿಯದ ಕ್ವಾಂಟಾಸ್ ವಿಮಾನಗಳು ತಡವಾಗಿ ಹೊರಟವು. ಪ್ರಯಾಣಿಕರ ಹೆಸರುಗಳನ್ನು ಸಿಬ್ಬಂದಿ ಕೈಯಲ್ಲಿ ಬರೆದುಕೊಳ್ಳಬೇಕಾಯಿತು. 2017ರ ಜನವರಿ 1ರಂದು ಕ್ಲೌಡ್‌ಫ್ಲೇರ್ ಎಂಬ ಅಂತರಜಾಲ ಸೇವಾಸಂಸ್ಥೆಯ ಕೆಲವು ಸರ್ವರ್‌ಗಳು ಎಡವಿದವು. ಕಾರಣ ಸರಳ. 'ಈಗಿನ ಸಮಯದಿಂದ ಹಿಂದಿನ ಸಮಯ ಕಳೆದರೆ ಉತ್ತರ ಎಂದೂ ಋಣಸಂಖ್ಯೆ ಆಗದು' ಎಂದು ಅಲ್ಲಿನ ತಂತ್ರಾಂಶ ನಂಬಿತ್ತು. ಆ ಒಂದು ಕ್ಷಣ ಅದು ಋಣಸಂಖ್ಯೆ ಆಯಿತು.

ಗೂಗಲ್‌ನಂಥ ಸಂಸ್ಥೆಗಳು ಬೇರೊಂದು ಉಪಾಯ ಕಂಡುಕೊಂಡವು. ಹೆಚ್ಚುವರಿ ಸೆಕೆಂಡನ್ನು ಒಂದೇ ಬಾರಿಗೆ ನುಂಗದೆ, 24 ಗಂಟೆಗಳ ಎಲ್ಲ ಸೆಕೆಂಡುಗಳಿಗೂ ಚೂರು ಚೂರು ಹಂಚಿಬಿಡುವುದು. ಇದರಿಂದ ತೊಂದರೆ ತಪ್ಪಿತು. ಆದರೆ ಆ ಒಂದು ದಿನ ಜಗತ್ತಿನ ಗಡಿಯಾರಗಳು ಬೇರೆ ಬೇರೆ ಸಮಯ ತೋರಿಸುವಂತಾಯಿತು.

ಪಥದರ್ಶಕ ಉಪಗ್ರಹಗಳು ಮೊದಲೇ ಎಚ್ಚರ ವಹಿಸಿದ್ದವು. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ 30 ಸೆಂಟಿಮೀಟರ್ ಸಾಗುತ್ತದೆ. ಅಂಥ ಲೆಕ್ಕದ ನಡುವೆ ಇಡೀ ಸೆಕೆಂಡಿನ ನೆಗೆತವನ್ನು ತೂರಿಸುವುದು ಹೇಗೆ? ಆದ್ದರಿಂದ ಅಮೆರಿಕದ ಜಿ.ಪಿ.ಎಸ್. ತನ್ನ ಕಾಲವನ್ನು 1980ರ ಜನವರಿ 6ರಿಂದ ನಿರಂತರವಾಗಿ ಎಣಿಸುತ್ತಾ ಬಂದಿದೆ. 2017ರಿಂದ ಅದು ಯು.ಟಿ.ಸಿ.ಗಿಂತ 18 ಸೆಕೆಂಡು ಮುಂದಿದೆ. ನಮ್ಮ ಇಸ್ರೋದ ನಾವಿಕ್ ವ್ಯವಸ್ಥೆಯೂ ಇದೇ ದಾರಿ ಹಿಡಿದಿದೆ. ಇದರ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. ಅಲ್ಲಿ ಎಣಿಸುವ ಕಾಲದಲ್ಲಿ ಅಧಿಕ ಸೆಕೆಂಡುಗಳಿಲ್ಲ. ರಷ್ಯದ ಗ್ಲೊನಾಸ್ ಮಾತ್ರ ಅಧಿಕ ಸೆಕೆಂಡುಗಳನ್ನು ಅನುಸರಿಸುತ್ತದೆ.

ಭೂಮಿ ತಿರುಗಿಬಿದ್ದಾಗ

1972ರಿಂದ 1998ರ ಅಂತ್ಯದವರೆಗಿನ 27 ವರ್ಷಗಳಲ್ಲಿ 22 ಅಧಿಕ ಸೆಕೆಂಡುಗಳು ಬಂದವು. ಮುಂದಿನ 18 ವರ್ಷಗಳಲ್ಲಿ ಬರೀ ಐದು. 2016ರ ಅಂತ್ಯದ ನಂತರ ಒಂದೂ ಬಂದಿಲ್ಲ. ಕಾರಣವೇನೆಂದರೆ ಭೂಮಿ ವೇಗ ಪಡೆದಿದೆ! 2020ರಿಂದೀಚೆಗೆ ದಿನ 86,400 ಸೆಕೆಂಡಿಗಿಂತಲೂ ಗಿಡ್ಡವಾದ ಉದಾಹರಣೆಗಳು ಹಲವು. 2024ರ ಜುಲೈ 5ರ ದಿನ ಸುಮಾರು 1.66 ಮಿಲಿಸೆಕೆಂಡು ಗಿಡ್ಡವಾಗಿತ್ತು. ಚಂದ್ರನ ಕಡಿವಾಣ ಸಡಿಲವಾಗಿಲ್ಲ. ದ್ರವರೂಪದ ಭೂಗರ್ಭ ನಿಧಾನವಾಗುತ್ತಾ ತನ್ನ ಸಂವೇಗವನ್ನು ಮೇಲಿನ ಕವಚಕ್ಕೆ ಕೊಡುತ್ತಿರುವುದು ಇದಕ್ಕೆ ಮುಖ್ಯ ಕಾರಣ ಎಂದು ವಿಜ್ಞಾನಿಗಳು ಭಾವಿಸಿದ್ದಾರೆ.

ಹೀಗೇ ಮುಂದುವರಿದರೆ ಸೆಕೆಂಡನ್ನು ಸೇರಿಸುವ ಬದಲು ಕಳೆಯಬೇಕಾಗುತ್ತದೆ. 58ನೆಯ ಸೆಕೆಂಡಿನ ನಂತರ ನೇರವಾಗಿ ಸೊನ್ನೆ. ಇಂಥ 'ಕ್ಷಯ ಸೆಕೆಂಡು' ಇದುವರೆಗೆ ಒಮ್ಮೆಯೂ ಬಂದಿಲ್ಲ. ಜಗತ್ತಿನ ತಂತ್ರಾಂಶಗಳು ಅದನ್ನು ತಾಳಿಕೊಳ್ಳುತ್ತವೆಯೇ ಎಂಬುದು ಪರೀಕ್ಷೆಯಾಗಿಲ್ಲ. ಅಮೆರಿಕದ ಭೂಭೌತವಿಜ್ಞಾನಿ ಡಂಕನ್ ಆಗ್ನ್ಯೂ 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಕುತೂಹಲದ ಲೆಕ್ಕ ಪ್ರಕಟಿಸಿದರು. ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕದ ಮಂಜು ಕರಗಿ ನೀರು ಸಾಗರಗಳಿಗೆ ಹರಡುತ್ತಿದೆ. ಕುರ್ಚಿಯಲ್ಲಿ ಕುಳಿತವನು ಕೈ ಚಾಚಿದಂತೆ ದ್ರವ್ಯ ಅಕ್ಷದಿಂದ ದೂರ ಸರಿದು ಭೂಮಿ ತುಸು ನಿಧಾನವಾಗುತ್ತದೆ. ಈ ಕರಗುವಿಕೆ ಇಲ್ಲದಿದ್ದರೆ 2026ರಲ್ಲೇ ಕ್ಷಯ ಸೆಕೆಂಡು ಬೇಕಾಗುತ್ತಿತ್ತು, ಈಗ ಅದು 2029ರವರೆಗೆ ಮುಂದೆ ಹೋಗಿದೆ ಎಂಬುದು ಅವರ ಅಂದಾಜು. ಮನುಷ್ಯನಿಂದಾದ ತಾಪಮಾನದ ಏರಿಕೆ ಗಡಿಯಾರದಲ್ಲೂ ಕಾಣುವಂತಾಯಿತು.

ಬಿಟ್ಟರೆ ಏನಾಗುತ್ತದೆ?

2022ರ ನವೆಂಬರ್‌ನಲ್ಲಿ ತೂಕ ಮತ್ತು ಅಳತೆಗಳ ಮಹಾಸಮ್ಮೇಳನ ಒಂದು ನಿರ್ಣಯ ಕೈಗೊಂಡಿತು. 2035ರೊಳಗೆ 0.9 ಸೆಕೆಂಡಿನ ಮಿತಿಯನ್ನು ಹಿಗ್ಗಿಸಬೇಕು; ಕನಿಷ್ಠ ಒಂದು ಶತಮಾನ ಯು.ಟಿ.ಸಿ. ಅಡೆತಡೆಯಿಲ್ಲದೆ ಸಾಗಬೇಕು. ಅಂದರೆ ಬಾಕಿಯನ್ನು ಆಗಾಗ ಚುಕ್ತಾ ಮಾಡದೆ ಬೆಳೆಯಲು ಬಿಡುವುದು.

ನಮಗೆ ನಷ್ಟವೇ? ದಿನನಿತ್ಯದ ಬದುಕಿನಲ್ಲಿ ಇಲ್ಲವೇ ಇಲ್ಲ. ನಮ್ಮ ಗಡಿಯಾರಗಳು ಈಗಲೂ ಊರಿನ ಸೂರ್ಯನನ್ನು ಅನುಸರಿಸುತ್ತಿಲ್ಲ. ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಬೆಂಗಳೂರು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮದಲ್ಲಿದೆ. ಡಿಗ್ರಿಗೆ 4 ನಿಮಿಷದಂತೆ ಅಲ್ಲಿ ಸೂರ್ಯ ಗಡಿಯಾರಕ್ಕಿಂತ ಸರಾಸರಿ 20 ನಿಮಿಷ ತಡ. ಕಾರವಾರದಲ್ಲಿ 33 ನಿಮಿಷಕ್ಕೂ ಹೆಚ್ಚು. ಶತಮಾನದಲ್ಲಿ ಕೂಡಿಬೀಳಬಹುದಾದ ಅಂತರ ಒಂದು ನಿಮಿಷದ ಆಸುಪಾಸು. ಬೆಂಗಳೂರಿನ ಸೂರ್ಯನಿಗೂ ಹೊಸಕೋಟೆಯ ಸೂರ್ಯನಿಗೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಅಷ್ಟೇ.

ಆದರೆ ಅದೇ ಹೊಸಕೋಟೆಯಲ್ಲಿ ಕುಳಿತು ಲಡಾಖಿನ ಹಾನ್ಲೆಯ ದೂರದರ್ಶಕವನ್ನು ನಡೆಸುವ ಭಾರತೀಯ ಖಭೌತ ಸಂಸ್ಥೆಯ ಖಗೋಳಜ್ಞರಿಗೆ ಒಂದು ಸೆಕೆಂಡೂ ಲೆಕ್ಕಕ್ಕೆ ಬರುತ್ತದೆ. ಒಂದು ಸೆಕೆಂಡಿಗೆ ಆಕಾಶ 15 ಆರ್ಕ್‌ಸೆಕೆಂಡು ತಿರುಗುತ್ತದೆ. ಒಂದು ನಿಮಿಷ ತಪ್ಪಿದರೆ ಕಾಲು ಡಿಗ್ರಿ, ಹುಣ್ಣಿಮೆಯ ಚಂದ್ರಬಿಂಬದ ಅರ್ಧದಷ್ಟು. ನಕ್ಷತ್ರ ನೋಡಿ ಹಡಗು ನಡೆಸುವವನಿಗೆ ಒಂದು ಸೆಕೆಂಡು ತಪ್ಪಿದರೆ ಸಮಭಾಜಕದಲ್ಲಿ ಸುಮಾರು 460 ಮೀಟರ್ ದೂರ ತಪ್ಪುತ್ತದೆ. ಇದುವರೆಗೆ ಅಧಿಕೃತ ಗಡಿಯಾರವನ್ನು ನೋಡಿದರೆ ಭೂಮಿ ಎಷ್ಟು ತಿರುಗಿದೆ ಎಂಬುದು ಒಂದು ಸೆಕೆಂಡಿನೊಳಗೆ ತಾನಾಗಿಯೇ ತಿಳಿಯುತ್ತಿತ್ತು. ಇನ್ನು ಮುಂದೆ ಗಡಿಯಾರ ಅದನ್ನು ಹೇಳುವುದಿಲ್ಲ. ಭೂಮಿಯನ್ನು ಅಳೆಯುವವರು ಪ್ರಕಟಿಸುವ ತಿದ್ದುಪಡಿಯನ್ನು ಕೇಳಿಯೇ ಪಡೆಯಬೇಕು. ಆದ್ದರಿಂದ ಅಧಿಕ ಸೆಕೆಂಡು ಹೋದರೂ ಕ್ವೇಸಾರ್‌ಗಳತ್ತ ಮುಖ ಮಾಡಿದ ಆ ದೂರದರ್ಶಕಗಳ ಕೆಲಸ ಹೋಗದು. ಅವುಗಳ ಅಗತ್ಯ ಇನ್ನಷ್ಟು ಹೆಚ್ಚುತ್ತದೆ.

ನೀವೇ ಮಾಡಿ ನೋಡಿ

ಶಾಲೆಯ ಅಂಗಳದ ಸಮತಟ್ಟಾದ ಜಾಗದಲ್ಲಿ ಒಂದು ಮೀಟರ್ ಎತ್ತರದ ಕೋಲನ್ನು ಲಂಬವಾಗಿ ನೆಡಿ. ಇದೇ ಶಂಕು. ಬೆಳಗ್ಗೆ ಸುಮಾರು ಹತ್ತೂವರೆಗೆ ಅದರ ನೆರಳಿನ ಉದ್ದವನ್ನೇ ತ್ರಿಜ್ಯವಾಗಿ ಇಟ್ಟುಕೊಂಡು, ಕೋಲಿನ ಬುಡವನ್ನು ಕೇಂದ್ರವಾಗಿಸಿ ವೃತ್ತ ಎಳೆಯಿರಿ. ಆ ಸಮಯವನ್ನು ಬರೆದಿಡಿ. ನೆರಳು ಗಿಡ್ಡವಾಗಿ, ಮತ್ತೆ ಬೆಳೆದು, ಮಧ್ಯಾಹ್ನದ ನಂತರ ಅದರ ತುದಿ ವೃತ್ತವನ್ನು ಮುಟ್ಟಿದ ಸಮಯವನ್ನೂ ಬರೆಯಿರಿ. ಎರಡರ ಸರಾಸರಿಯೇ ನಿಮ್ಮ ಊರಿನ ನಿಜವಾದ ನಡುಹಗಲು. ಅದು ಹನ್ನೆರಡಕ್ಕೆ ಸರಿಯಾಗಿ ಇರುವುದಿಲ್ಲ. ಬೆಂಗಳೂರಿನಲ್ಲಿ ನವೆಂಬರ್ ಮೊದಲ ವಾರ ಸುಮಾರು 12-03ಕ್ಕೆ, ಫೆಬ್ರವರಿ ನಡುವೆ ಸುಮಾರು 12-34ಕ್ಕೆ ಬರುತ್ತದೆ. ಈ ವ್ಯತ್ಯಾಸಕ್ಕೆ ಭೂಕಕ್ಷೆಯ ಅಂಡಾಕಾರ ಮತ್ತು ಭೂಅಕ್ಷದ ಓರೆ ಕಾರಣ.

ವರ್ಷವಿಡೀ ತಿಂಗಳಿಗೊಮ್ಮೆ ಈ ಪ್ರಯೋಗ ಮಾಡಿಸಿ, ಫಲಿತಾಂಶದ ನಕ್ಷೆ ಬರೆಸಿ. ಒಂದು ಕೋಲು, ಒಂದು ದಾರ, ಒಂದು ಕೈಗಡಿಯಾರ ಇದ್ದರೆ ಸಾಕು. ಕೈಗಡಿಯಾರ ಪರಮಾಣುವಿನ ಕಾಲ ಹೇಳುತ್ತದೆ, ನೆರಳು ಭೂಮಿಯ ಕಾಲ ಹೇಳುತ್ತದೆ. ಎರಡರ ನಡುವಿನ ಅಂತರವನ್ನು ನಿಮ್ಮ ವಿದ್ಯಾರ್ಥಿಗಳೇ ಅಳೆದು ನೋಡಲಿ.